ನಾಣ್ಯ ಮಾರುವವರ ವಿವರಣೆಯಲ್ಲಿ ದರ್ಜೆಯನ್ನು ಓದುವ ಕ್ರಮ

ಹರಾಜಿನ ಕ್ಯಾಟಲಾಗಿನಲ್ಲಾಗಲಿ, ವ್ಯಾಪಾರಿಯ ದರಪಟ್ಟಿಯಲ್ಲಾಗಲಿ ಒಂದು ನಾಣ್ಯದ ವಿವರಣೆ ಒಂದೆರಡು ಸಾಲುಗಳನ್ನು ಮೀರುವುದು ಅಪರೂಪ. "ಬ್ರಿಟಿಷ್ ಇಂಡಿಯಾ, ವಿಕ್ಟೋರಿಯಾ ಕ್ವೀನ್, ಒಂದು ರೂಪಾಯಿ, 1862, ಬೆಳ್ಳಿ, 11.6 ಗ್ರಾಂ, ವಿಎಫ್-ಎಕ್ಸ್‌ಎಫ್, ಟೋನ್ಡ್, ಅಂಚಿನಲ್ಲಿ ಸಣ್ಣ ಗುರುತು, ರೇರ್" ಎಂಬುದನ್ನು ಅಂಥ ಸಾಲಿನ ಮಾದರಿಯಾಗಿ ಇಟ್ಟುಕೊಳ್ಳಬಹುದು. ಇಲ್ಲಿ ಇಸವಿ ಮತ್ತು ತೂಕ ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿಗಳು. ವಿಎಫ್-ಎಕ್ಸ್‌ಎಫ್ ಎಂಬ ದರ್ಜೆ ಮಾರುವವನ ಅಭಿಪ್ರಾಯ. ಟೋನ್ಡ್ ಎಂದರೆ ಕಾಲಕ್ರಮೇಣ ಮೈಮೇಲೆ ಬಣ್ಣ ಕೂತದ್ದು. ಕೊನೆಯ ಮಾತು ಬಹುಮಟ್ಟಿಗೆ ಜಾಹೀರಾತು. ಹೊಸ ಸಂಗ್ರಾಹಕರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ದರ್ಜೆಯ ಪದಗಳ ಅರ್ಥ ಗೊತ್ತಿಲ್ಲದೆ ಅಲ್ಲ, ಆ ಪದಗಳು ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ಗಮನಿಸದೆ. ದರ್ಜೆ ಅಳೆಯುವುದು ಮುಖ್ಯವಾಗಿ ಸವೆತವನ್ನು. ನಾಣ್ಯವನ್ನು ಉಜ್ಜಿ ತೊಳೆಯಲಾಗಿದೆಯೇ, ಒಡವೆಯಲ್ಲಿ ಕಟ್ಟಲಾಗಿತ್ತೇ, ತೂತು ಮುಚ್ಚಲಾಗಿದೆಯೇ ಎಂಬುದನ್ನು ವ್ಯಾಪಾರಿ ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ಕೊಳ್ಳುವವನೇ ಕೇಳಬೇಕು. ನಮ್ಮಲ್ಲಿ ಹೆಚ್ಚಾಗಿ ಕೈಬದಲಾಗುವ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಗಳನ್ನೂ ಮೈಸೂರಿನ ಹಳೆಯ ನಾಣ್ಯಗಳನ್ನೂ ಮುಂದಿಟ್ಟುಕೊಂಡು, ಅಂಥ ವಿವರಣೆಯನ್ನು ಓದುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಹೇಳಲಾಗಿದೆ.

ಮೊದಲ ಹಂತ: ದರ್ಜೆಯ ಏಣಿಯನ್ನು ಕೆಳಗಿನಿಂದ ಓದುವುದು

ಪಟ್ಟಿಗಳಲ್ಲಿ ಕಾಣುವ ದರ್ಜೆಗಳು ಕೆಳಗಿನಿಂದ ಮೇಲಕ್ಕೆ ಹೀಗೆ ಬರುತ್ತವೆ: ಪೂರ್, ಫೇರ್, ಗುಡ್, ವೆರಿ ಗುಡ್, ಫೈನ್, ವೆರಿ ಫೈನ್ ಅಂದರೆ ವಿಎಫ್, ಎಕ್ಸ್‌ಟ್ರೀಮ್ಲಿ ಫೈನ್ ಅಂದರೆ ಇಎಫ್ ಅಥವಾ ಎಕ್ಸ್‌ಎಫ್, ಅಬೌಟ್ ಅನ್‌ಸರ್ಕ್ಯುಲೇಟೆಡ್ ಅಂದರೆ ಎಯು, ಕಡೆಗೆ ಅನ್‌ಸರ್ಕ್ಯುಲೇಟೆಡ್ ಅಂದರೆ ಯುಎನ್‌ಸಿ. ಗುಡ್ ಎಂದು ಬರೆದ ನಾಣ್ಯ ಬಹಳ ಸವೆದದ್ದು. ಚಿತ್ರದ ಹೊರರೇಖೆ ಮತ್ತು ಇಸವಿ ಕಾಣಬಹುದು, ಒಳಗಿನ ಕೆಲಸವೆಲ್ಲ ನುಣ್ಣಗಾಗಿರುತ್ತದೆ. ಫೈನ್ ದರ್ಜೆಯಲ್ಲಿ ಅಕ್ಷರಗಳೆಲ್ಲ ಸ್ಪಷ್ಟವಾಗಿದ್ದು ಮುಖದ ಮತ್ತು ಉಡುಪಿನ ಮುಖ್ಯ ಗೆರೆಗಳು ಮಾತ್ರ ಉಳಿದಿರುತ್ತವೆ. ವಿಎಫ್ ದರ್ಜೆಯಲ್ಲಿ ಸವೆತ ಉಬ್ಬಿದ ಭಾಗಗಳಿಗೆ ಸೀಮಿತವಾಗಿದ್ದು ಒಳವಿವರಗಳ ಬಹುಪಾಲು ಉಳಿದಿರುತ್ತದೆ. ಎಕ್ಸ್‌ಎಫ್ ನಾಣ್ಯದಲ್ಲಿ ಸವೆತವನ್ನು ಹುಡುಕಿ ನೋಡಬೇಕಾಗುತ್ತದೆ, ಎಯು ನಾಣ್ಯದಲ್ಲಿ ಅತ್ಯಂತ ಎತ್ತರದ ಬಿಂದುಗಳ ಮೇಲೆ ತಿಕ್ಕಾಟದ ಛಾಯೆಯಷ್ಟೇ ಇರುತ್ತದೆ, ಯುಎನ್‌ಸಿಯಲ್ಲಿ ಅದೂ ಇರಕೂಡದು. ಯುಎನ್‌ಸಿ ಎಂದ ಮಾತ್ರಕ್ಕೆ ಗೀರಿಲ್ಲದ ನಾಣ್ಯ ಎಂದು ಎಣಿಸಬಾರದು. ಟಂಕಸಾಲೆಯ ಚೀಲಗಳಲ್ಲಿ ಒಂದಕ್ಕೊಂದು ತಾಕಿ ಆದ ಪೆಟ್ಟುಗಳು ಸವೆತದ ಲೆಕ್ಕಕ್ಕೆ ಬರುವುದಿಲ್ಲ.

ಈ ಪದಗಳ ಜೊತೆಗೆ ಕಾಣುವ ಅಂಕಿಗಳ ಮೂಲ ಅಮೆರಿಕದಲ್ಲಿದೆ. ಅಲ್ಲಿನ ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಆ ದೇಶದ ಹಳೆಯ ತಾಮ್ರದ ದೊಡ್ಡ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಮಾಪನವೊಂದನ್ನು ರೂಪಿಸಿದರು. 70ರ ನಾಣ್ಯ 1ರ ನಾಣ್ಯದ 70 ಪಟ್ಟು ಬೆಲೆ ಬಾಳಬೇಕೆಂಬುದು ಆಗಿನ ಲೆಕ್ಕಾಚಾರ. ಬೆಲೆಯ ಆ ಸೂತ್ರ ಬಿದ್ದುಹೋಗಿದ್ದರೂ ಅಂಕಿಗಳು ಉಳಿದುಕೊಂಡವು. ಇಂದು ಫೈನ್‌ಗೆ 12 ಮತ್ತು 15, ವಿಎಫ್‌ಗೆ 20ರಿಂದ 35, ಎಕ್ಸ್‌ಎಫ್‌ಗೆ 40 ಮತ್ತು 45, ಎಯುಗೆ 50ರಿಂದ 58, ಚಲಾವಣೆಗೆ ಬಾರದ ನಾಣ್ಯಕ್ಕೆ ಎಂಎಸ್ (ಮಿಂಟ್ ಸ್ಟೇಟ್) ಎಂಬ ಪೂರ್ವಪದದೊಡನೆ 60ರಿಂದ 70 ಎಂಬ ಹಂಚಿಕೆ ರೂಢಿಯಲ್ಲಿದೆ. ನಾಣ್ಯಗಳಿಗೆ ದರ್ಜೆ ಹಾಕುವ ಅಮೆರಿಕದ ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಆರಂಭಿಸಿ, ನಾಣ್ಯವನ್ನು ಮೊಹರಾದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅಂಕಿಯೊಡನೆ ಕೊಡುವ ಪದ್ಧತಿಯನ್ನು ಲೋಕವ್ಯಾಪಿಯಾಗಿಸಿದವು. ಬ್ರಿಟಿಷ್ ಪರಂಪರೆಯ ವ್ಯಾಪಾರಿಗಳು ಮಾತ್ರ ಈಗಲೂ ಅಂಕಿಗಿಂತ ಪದವನ್ನೇ ನಂಬುತ್ತಾರೆ, ಮತ್ತು ಅವರ ಕೈ ಸ್ವಲ್ಪ ಬಿಗಿ. ಅವರು "ಗುಡ್ ವಿಎಫ್" ಎಂದು ಬರೆದರೆ ವಿಎಫ್‌ಗಿಂತ ಮೇಲು, "ನಿಯರ್ ವಿಎಫ್" ಎಂದು ಬರೆದರೆ ಕೊಂಚ ಕೆಳಗೆ ಎಂದು ತಿಳಿಯಬೇಕು. ಅವರ ಗುಡ್ ವಿಎಫ್ ನಾಣ್ಯ ಅಮೆರಿಕದ ಪಟ್ಟಿಯಲ್ಲಿ ಎಕ್ಸ್‌ಎಫ್ ಎಂದು ಕಾಣಿಸಿಕೊಂಡರೆ ಅಚ್ಚರಿಪಡಬೇಕಿಲ್ಲ. ಭಾರತದ ಪಟ್ಟಿಗಳಲ್ಲಿ ಎರಡೂ ಪರಂಪರೆಗಳು ಬೆರೆತುಹೋಗಿರುವುದರಿಂದ, ಒಬ್ಬ ವ್ಯಾಪಾರಿಯ ಅಳತೆಗೋಲು ಯಾವುದೆಂದು ಅವನು ಈ ಹಿಂದೆ ಮಾರಿದ ನಾಣ್ಯಗಳ ಚಿತ್ರ ಮತ್ತು ದರ್ಜೆಯನ್ನು ಹೋಲಿಸಿ ಮೊದಲೇ ಕಂಡುಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ಓರೆಗೆರೆ, ಅಡ್ಡಗೆರೆ ಮತ್ತು ದರ್ಜೆಯಲ್ಲದ ಪದಗಳು

"ವಿಎಫ್/ಎಕ್ಸ್‌ಎಫ್" ಎಂದು ಓರೆಗೆರೆ ಹಾಕಿ ಬರೆದರೆ ಮುಂಬದಿ ವಿಎಫ್, ಹಿಂಬದಿ ಎಕ್ಸ್‌ಎಫ್ ಎಂದರ್ಥ. "ವಿಎಫ್-ಎಕ್ಸ್‌ಎಫ್" ಎಂದು ಅಡ್ಡಗೆರೆ ಹಾಕಿದರೆ ನಾಣ್ಯ ಎರಡರ ನಡುವೆ ಎಲ್ಲೋ ಇದೆಯೆಂದು ವ್ಯಾಪಾರಿ ಹೇಳುತ್ತಿದ್ದಾನೆ. ಬರವಣಿಗೆಯಲ್ಲಿ ಈ ಎರಡನ್ನು ಬೇಕಾಬಿಟ್ಟಿ ಬಳಸುವವರಿದ್ದಾರೆ, ಆದುದರಿಂದ ಕೇಳಿ ಖಚಿತಪಡಿಸಿಕೊಳ್ಳಬೇಕು. ಅಡ್ಡಗೆರೆಯ ದರ್ಜೆಯಿದ್ದಾಗ ಕೊಳ್ಳುವವನು ಕೆಳಗಿನದನ್ನು ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಮಾರುವವನು ಬೆಲೆಯನ್ನು ಮೇಲಿನದಕ್ಕೇ ಕಟ್ಟಿರುತ್ತಾನೆ.

ಪ್ರೂಫ್ ಎಂಬುದು ದರ್ಜೆಯಲ್ಲ. ಹೊಳಪಿಸಿದ ಅಚ್ಚುಗಳಿಂದ, ವಿಶೇಷವಾಗಿ ಸಿದ್ಧಪಡಿಸಿದ ಬಿಲ್ಲೆಯ ಮೇಲೆ, ಹೆಚ್ಚಿನ ಎಚ್ಚರದಿಂದ ಒತ್ತಿದ ನಾಣ್ಯಕ್ಕೆ ಆ ಹೆಸರು. ಪ್ರೂಫ್ ನಾಣ್ಯವೂ ಕೈಯಾಡಿ ಕೆಳದರ್ಜೆಗೆ ಇಳಿಯಬಹುದು. "ಪ್ರೂಫ್-ಲೈಕ್" ಎಂಬುದು ಕನ್ನಡಿಯಂತೆ ಹೊಳೆಯುವ ಸಾಮಾನ್ಯ ನಾಣ್ಯಕ್ಕೆ ಹೇಳುವ ಮಾತು, ಉಜ್ಜಿ ಹೊಳಪಿಸಿದ ನಾಣ್ಯಗಳೂ ಇದರ ನೆರಳಲ್ಲಿ ದಾಟಿಬಿಡುತ್ತವೆ. ಬ್ರಿಟಿಷ್ ಇಂಡಿಯಾದ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ: ಹಳೆಯ ಅಚ್ಚುಗಳನ್ನು ಬಳಸಿ ಬಾಂಬೆ ಮತ್ತು ಕಲ್ಕತ್ತಾ ಟಂಕಸಾಲೆಗಳು ಸಂಗ್ರಾಹಕರಿಗಾಗಿ ಬಹುಕಾಲದ ನಂತರವೂ ಮರುಮುದ್ರಣದ ಪ್ರೂಫ್‌ಗಳನ್ನು ಒತ್ತಿಕೊಟ್ಟಿವೆ. ಅವು ನಕಲಿಯಲ್ಲ, ಆದರೆ ಮೂಲ ಪ್ರೂಫಿನ ಬೆಲೆಗೆ ಅರ್ಹವೂ ಅಲ್ಲ. ಪ್ರೂಫ್ ಎಂದು ಬರೆದ ಕಡೆ "ಮೂಲವೋ, ಮರುಮುದ್ರಣವೋ" ಎಂದು ಬರವಣಿಗೆಯಲ್ಲಿ ಉತ್ತರ ಪಡೆಯಬೇಕು.

"ರೇರ್" ಅಥವಾ ಆರ್, ಆರ್‌ಆರ್ ಎಂಬ ಗುರುತುಗಳು ದರ್ಜೆಗೆ ಸಂಬಂಧಿಸಿದವಲ್ಲ. ಇಸವಿ, ಟಂಕಸಾಲೆ, ಅಚ್ಚಿನ ಬಗೆ ಇವುಗಳಿಂದ ವಿರಳತೆ ನಿರ್ಧಾರವಾಗುತ್ತದೆ. 1862ರ ರೂಪಾಯಿಯನ್ನೇ ನೋಡಿದರೆ, ಆ ಇಸವಿಯನ್ನು ಬದಲಿಸದೆ 1874ರವರೆಗೂ ಅದೇ ಅಂಕಿಯೊಡನೆ ಒತ್ತಲಾಯಿತು, ಬಾಂಬೆಯಲ್ಲಿ ಚುಕ್ಕಿಗಳನ್ನು ಸೇರಿಸಿ ವರ್ಷಗಳನ್ನು ಗುರುತಿಸಲಾಯಿತು. ಆದ್ದರಿಂದ 1862 ಎಂಬ ಅಂಕಿಗೆ ರೇರ್ ಎಂದು ಬರೆಯುವುದಕ್ಕೆ ಅರ್ಥವಿಲ್ಲ. ಯಾವ ಚುಕ್ಕಿಯ ಬಗೆ ಎಂದು ವ್ಯಾಪಾರಿ ಹೇಳಿದ್ದರೆ ಮಾತ್ರ ಆ ಪದವನ್ನು ಗಣನೆಗೆ ತೆಗೆದುಕೊಳ್ಳಬಹುದು.

ಮೂರನೆಯ ಹಂತ: ಸವೆತವನ್ನು ಎಲ್ಲಿ ನೋಡಬೇಕು

ವ್ಯಾಪಾರಿಯ ದರ್ಜೆಯನ್ನು ನೋಡುವ ಮೊದಲು ತನ್ನ ದರ್ಜೆಯನ್ನು ತಾನೇ ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು, ಅದಕ್ಕೆ ಪ್ರತಿ ನಾಣ್ಯದಲ್ಲೂ ಮೊದಲು ಸವೆಯುವ ಜಾಗಗಳು ಗೊತ್ತಿರಬೇಕು. ವಿಕ್ಟೋರಿಯಾ ರೂಪಾಯಿಯಲ್ಲಿ ಕಿರೀಟದ ಹರಳುಗಳು, ಕಿವಿಯ ಸುತ್ತಲಿನ ಕೂದಲು, ಕೆನ್ನೆ ಮತ್ತು ಮೇಲುಡುಪಿನ ಕಸೂತಿ ಇವುಗಳನ್ನು ನೋಡಬೇಕು. ಕಸೂತಿಯ ಹೂಬಳ್ಳಿ ಒಂದಕ್ಕೊಂದು ಅಂಟಿಕೊಂಡು ಮಂಕಾಗಿದ್ದರೆ ಎಕ್ಸ್‌ಎಫ್ ಎಂಬ ಮಾತನ್ನು ಒಪ್ಪುವಂತಿಲ್ಲ. 1903ರಿಂದ 1910ರವರೆಗಿನ ಏಳನೆಯ ಎಡ್ವರ್ಡ್ ರೂಪಾಯಿಯಲ್ಲಿ ರಾಜನ ತಲೆಗೆ ಕಿರೀಟವಿಲ್ಲ, ಹಾಗಾಗಿ ಕಿವಿಯ ಮೇಲಿನ ಕೂದಲು ಮತ್ತು ಕಿವಿಯ ಅಂಚು ಮೊದಲು ಮಾಸುತ್ತವೆ. ಹಿಂಬದಿಯಲ್ಲಿರುವ ಕಿರೀಟದ ಮಣಿಗಳನ್ನೂ ಎಣಿಸುವಂತಿರಬೇಕು. ಐದನೆಯ ಜಾರ್ಜ್ ರೂಪಾಯಿಯಲ್ಲಿ ಕಿರೀಟ, ಹುಬ್ಬು, ಮೀಸೆಯ ಜೊತೆಗೆ ನಿಲುವಂಗಿಯ ಮೇಲಿನ ಪದಕಸರದ ಪುಟ್ಟ ಆನೆಯೂ ಸಾಕ್ಷಿ ಹೇಳುತ್ತದೆ. 1911ರಲ್ಲಿ ಈ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಆ ನಾಣ್ಯಗಳನ್ನು ಹಿಂತೆಗೆದುಕೊಂಡು 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಮಾರಾಟಗಾರರು "ಪಿಗ್ ರೂಪಾಯಿ" ಎನ್ನುವುದು ಈ 1911ರ ನಾಣ್ಯವನ್ನೇ, ಅದರ ಬೇಡಿಕೆಗೂ ದರ್ಜೆಗೂ ಸಂಬಂಧ ಕಲ್ಪಿಸಬಾರದು.

ಇಲ್ಲಿ ಕಣ್ಣು ಪಳಗಬೇಕಾದದ್ದು ಸವೆತಕ್ಕೂ ದುರ್ಬಲ ಒತ್ತಿಗೂ ಇರುವ ವ್ಯತ್ಯಾಸದಲ್ಲಿ. ಅಚ್ಚು ಬಿಲ್ಲೆಗೆ ಪೂರ್ತಿ ಇಳಿಯದಿದ್ದರೆ ಉಬ್ಬಿನ ಮೇಲ್ಭಾಗ ಹುಟ್ಟಿನಿಂದಲೇ ಚಪ್ಪಟೆಯಾಗಿರುತ್ತದೆ. ಆದರೆ ಅಲ್ಲಿಯೂ ಟಂಕಸಾಲೆಯ ಮೂಲ ಹೊಳಪು ಅಥವಾ ಬಿಲ್ಲೆಯ ಮೂಲ ಒರಟುತನ ಉಳಿದಿರುತ್ತದೆ. ಸವೆತದಿಂದ ಚಪ್ಪಟೆಯಾದ ಜಾಗದಲ್ಲಿ ಬಣ್ಣವೇ ಬದಲಾಗಿರುತ್ತದೆ: ಬೆಳ್ಳಿಯಲ್ಲಿ ಮಂಕು ಬೂದು, ತಾಮ್ರದಲ್ಲಿ ಕಂದು. ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದಾಗ ಗಾಲಿಯ ಕಡ್ಡಿಗಳಂತೆ ಬೆಳಕಿನ ಪಟ್ಟೆಗಳು ಸುತ್ತಿದರೆ ಮೂಲ ಹೊಳಪು ಇದೆ. ಉಬ್ಬಿನ ತುದಿಯಲ್ಲಿ ಆ ಪಟ್ಟೆ ಕಡಿದುಹೋದರೆ ಸವೆತ ಅಲ್ಲಿದೆ. "ದುರ್ಬಲ ಒತ್ತು, ಆದರೂ ಯುಎನ್‌ಸಿ" ಎಂದು ವ್ಯಾಪಾರಿ ಬರೆದಾಗ ಈ ಪರೀಕ್ಷೆಯನ್ನು ಮಾಡದೆ ಮುಂದುವರಿಯಬಾರದು, ಏಕೆಂದರೆ ಎಯು ನಾಣ್ಯವನ್ನು ಮೇಲಕ್ಕೆ ಏರಿಸಲು ಹೆಚ್ಚಾಗಿ ಬಳಕೆಯಾಗುವ ವಾಕ್ಯ ಇದೇ.

ನಾಲ್ಕನೆಯ ಹಂತ: ಹೇಳದೆ ಬಿಟ್ಟ ದೋಷಗಳು

ಬೆಳ್ಳಿ ರೂಪಾಯಿ ನಮ್ಮ ಮನೆಗಳಲ್ಲಿ ಕೇವಲ ಹಣವಾಗಿ ಉಳಿದಿರಲಿಲ್ಲ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮತ್ತೆ ಹುಣಸೆಹಣ್ಣು ಅಥವಾ ವಿಭೂತಿ ಹಾಕಿ ತಿಕ್ಕಿಸಿಕೊಂಡು, ಕಾಸಿನ ಸರದಲ್ಲಿ ಕುಣಿಕೆ ಬೆಸೆಸಿಕೊಂಡು, ಕೊನೆಗೆ ಅಕ್ಕಸಾಲಿಗರ ಅಂಗಡಿಯ ಮೂಲಕ ಸಂಗ್ರಾಹಕರ ಮಾರುಕಟ್ಟೆಗೆ ಬಂದವು ಎಷ್ಟೋ. ಆದುದರಿಂದ ಭಾರತದ ಬೆಳ್ಳಿಯಲ್ಲಿ ಎರಡು ದೋಷಗಳು ಉಳಿದವೆಲ್ಲಕ್ಕಿಂತ ಮುಖ್ಯ: ತಿಕ್ಕಿದ ಮೈ ಮತ್ತು ಕುಣಿಕೆಯ ಗುರುತು.

ತಿಕ್ಕಿದ ನಾಣ್ಯದ ಬಯಲು ಭಾಗದಲ್ಲಿ ಕೂದಲೆಳೆಯಂಥ ಸಮಾನಾಂತರ ಗೀರುಗಳು ಕಾಣುತ್ತವೆ, ಅವು ಅಕ್ಷರಗಳ ಬುಡಕ್ಕೆ ಬಂದಾಗ ನಿಂತು ಮತ್ತೊಂದು ಬದಿಯಿಂದ ಮುಂದುವರಿಯುತ್ತವೆ. ಹೊಳಪು ಇರುತ್ತದೆ, ಆದರೆ ಮೇಲೆ ಹೇಳಿದ ಬೆಳಕಿನ ಪಟ್ಟೆ ಸುತ್ತುವುದಿಲ್ಲ. ಎಲ್ಲ ಕೋನದಿಂದಲೂ ಒಂದೇ ಬಗೆಯ ಬಿಳಿ ಥಳಕು. ರಾಸಾಯನಿಕ ದ್ರವದಲ್ಲಿ ಅದ್ದಿ ತೆಗೆದ ನಾಣ್ಯದಲ್ಲಿ ಗೀರು ಇರುವುದಿಲ್ಲ. ಒಮ್ಮೆ ಅದ್ದಿದ್ದರೆ ಪತ್ತೆಹಚ್ಚುವುದು ಕಷ್ಟ, ಪದೇ ಪದೇ ಅದ್ದಿದ್ದರೆ ಮೈ ಸುಣ್ಣ ಬಳಿದಂತೆ ನಿರ್ಜೀವವಾಗಿರುತ್ತದೆ. ಇಂಥ ನಾಣ್ಯಗಳ ವಿವರಣೆಯಲ್ಲಿ ಬರುವ ಮಾತುಗಳನ್ನು ಗುರುತಿಸಿಕೊಳ್ಳಬೇಕು: "ಬ್ರೈಟ್", "ಫುಲ್ ಶೈನ್", "ಓಲ್ಡ್ ಕ್ಲೀನಿಂಗ್", "ಲೈಟ್ಲಿ ಕ್ಲೀನ್ಡ್". ಇವುಗಳಲ್ಲಿ ಕೊನೆಯ ಎರಡು ಪ್ರಾಮಾಣಿಕ ಮಾತುಗಳು, ಅಂಥ ವ್ಯಾಪಾರಿಯನ್ನು ಗೌರವಿಸಬೇಕು. ಮೊದಲಿನ ಎರಡರ ಬಗ್ಗೆ ಅನುಮಾನವಿರಲಿ. ನೂರು ವರ್ಷ ದಾಟಿದ ಬೆಳ್ಳಿ ಬಿಳುಪಾಗಿ ಹೊಳೆಯುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಗಂಧಕದ ಸಂಪರ್ಕದಿಂದ ಬಲವಂತವಾಗಿ ನೀಲಿ, ನೇರಳೆ ಬಣ್ಣ ತರಿಸಿ "ರೇನ್‌ಬೋ ಟೋನಿಂಗ್" ಎಂದು ಮಾರುವುದೂ ಉಂಟು. ಸಹಜವಾಗಿ ಕೂತ ಬಣ್ಣ ಅಂಚಿನಿಂದ ಒಳಕ್ಕೆ ಹಂತಹಂತವಾಗಿ ಬದಲಾಗುತ್ತದೆ, ಬಲವಂತದ ಬಣ್ಣ ಗೀರುಗಳ ಒಳಗೂ ಸವೆದ ತುದಿಗಳ ಮೇಲೂ ಒಂದೇ ಸಮ ಹರಡಿರುತ್ತದೆ.

ಕುಣಿಕೆಯ ಗುರುತಿಗೆ ನಾಣ್ಯದ ಅಂಚನ್ನೇ ನೋಡಬೇಕು, ಆದರೆ ಪಟ್ಟಿಯ ಚಿತ್ರಗಳಲ್ಲಿ ಕಾಣದಿರುವುದೂ ಅಂಚೇ. ಸಾಮಾನ್ಯವಾಗಿ 12 ಗಂಟೆಯ ಸ್ಥಾನದಲ್ಲಿ, ಕೆಲವೊಮ್ಮೆ ಎದುರುಬದುರು ಎರಡು ಕಡೆ, ಅಂಚಿನ ಹಲ್ಲುಗೆರೆಗಳು ಅಳಿಸಿ ನಯವಾಗಿರುತ್ತವೆ. ಬೆಸುಗೆಯ ಬೆಳ್ಳಿಯ ಬಣ್ಣ ಒಂದು ಛಾಯೆ ಬೇರೆ. ತೂತು ಮುಚ್ಚಿದ ನಾಣ್ಯದಲ್ಲಿ ಆ ಜಾಗದ ಅಕ್ಷರ ಮತ್ತೆ ಕೆತ್ತಿದ್ದಾಗಿರುವುದರಿಂದ ಅಕ್ಕಪಕ್ಕದ ಅಕ್ಷರಗಳೊಡನೆ ಹೊಂದುವುದಿಲ್ಲ. ಬ್ರಿಟಿಷ್ ಇಂಡಿಯಾ ರೂಪಾಯಿಯ ನಿಗದಿತ ತೂಕ 11.66 ಗ್ರಾಂ. ಎಕ್ಸ್‌ಎಫ್ ಎಂದು ಹೇಳುವ ನಾಣ್ಯ 11.3 ಗ್ರಾಂ ತೂಗಿದರೆ ದರ್ಜೆ ಅಥವಾ ನಾಣ್ಯ, ಎರಡರಲ್ಲಿ ಒಂದರ ಬಗ್ಗೆ ಪ್ರಶ್ನೆ ಏಳುತ್ತದೆ, ತೂಕ 11.66ಕ್ಕಿಂತ ಗಣನೀಯವಾಗಿ ಹೆಚ್ಚಿದ್ದರೂ ಬೆಸುಗೆಯನ್ನು ಹುಡುಕಬೇಕು. ಮಾರಾಟದ ವಿವರಣೆಯಲ್ಲಿ "ಎಕ್ಸ್-ಮೌಂಟ್" ಅಥವಾ "ಎಕ್ಸ್-ಜ್ಯುವೆಲರಿ" ಎಂದು ಬರೆದಿದ್ದರೆ ವ್ಯಾಪಾರಿ ತನ್ನ ಕರ್ತವ್ಯ ಮಾಡಿದ್ದಾನೆ. ಬರೆಯದೆ "ಎಡ್ಜ್ ನಾಕ್" ಎಂದಷ್ಟೇ ಹೇಳಿದ್ದರೆ, ನಮ್ಮ ಮಾದರಿ ಸಾಲಿನ "ಅಂಚಿನಲ್ಲಿ ಸಣ್ಣ ಗುರುತು" ಕೂಡ ಅದೇ ಜಾತಿಯದು, ಅಂಚಿನ ಚಿತ್ರವನ್ನು ಕೇಳಿ ತರಿಸಿಕೊಳ್ಳಬೇಕು.

ಐದನೆಯ ಹಂತ: ಕೈಯಿಂದ ಬಡಿದ ನಾಣ್ಯಗಳಿಗೆ ಬೇರೆ ನ್ಯಾಯ

ಯಂತ್ರದಲ್ಲಿ ಒತ್ತಿದ ನಾಣ್ಯಗಳಿಗಾಗಿ ಹುಟ್ಟಿದ ಈ ಏಣಿಯನ್ನು ಮೈಸೂರಿನ ಹಳೆಯ ನಾಣ್ಯಗಳಿಗೆ ಹಾಗೆಯೇ ಚಾಚಲಾಗದು. ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರವ ಹಣ ಅರ್ಧ ಗ್ರಾಂಗೂ ಕಡಿಮೆ ತೂಗುವ ಚಿನ್ನದ ಚೂರು. ಅದರ ಮೇಲಿನ ನರಸಿಂಹ ಒಂದಿಷ್ಟೂ ಚಲಾವಣೆಯಾಗದಿದ್ದಾಗಲೂ ಕೆಲವು ಚುಕ್ಕಿ ಗೆರೆಗಳಾಗಿಯೇ ಕಾಣುತ್ತಾನೆ. ಅಲ್ಲಿ ಎಕ್ಸ್‌ಎಫ್, ವಿಎಫ್ ಎಂದು ವಾದಿಸುವುದಕ್ಕಿಂತ ದೇವರ ಮೂರ್ತಿ ಬಿಲ್ಲೆಯ ನಡುವೆ ಕೂತಿದೆಯೇ, ಎರಡೂ ಬದಿ ಪೂರ್ಣವಾಗಿ ಬಿದ್ದಿವೆಯೇ ಎಂದು ನೋಡುವುದು ಉಪಯುಕ್ತ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದ ಮೊಘಲ್ ರೂಪಾಯಿಗಳಲ್ಲಿ ಬರಹದ ಒಂದು ಭಾಗ ಸದಾ ಹೊರಗೇ ಉಳಿಯುತ್ತದೆ. ಆದುದರಿಂದ ಟಂಕಸಾಲೆಯ ಹೆಸರು ಮತ್ತು ಇಸವಿ ಪೂರ್ಣವಾಗಿ ಕಾಣುವ ವಿಎಫ್ ನಾಣ್ಯ, ಅವು ಕಾಣದ ಎಕ್ಸ್‌ಎಫ್ ನಾಣ್ಯಕ್ಕಿಂತ ಹೆಚ್ಚು ಬೆಲೆ ಪಡೆಯುವುದು ನ್ಯಾಯವೇ.

ಟಿಪ್ಪು ಸುಲ್ತಾನನ ಆನೆಯ ಪೈಸೆಗಳಲ್ಲಿ ಆನೆಯ ದೇಹದ ಸವೆತಕ್ಕಿಂತ ಟಂಕಸಾಲೆಯ ಹೆಸರು ಮತ್ತು ಇಸವಿಯ ಸ್ಪಷ್ಟತೆಗೆ ಮಹತ್ವ. ಅವನೇ ಜಾರಿಗೆ ತಂದ ಕಾಲಗಣನೆಯಾದ ಮೌಲೂದಿ ಶಕೆಯ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆಯಲಾಗಿರುವುದರಿಂದ ಇಸವಿಯನ್ನು ತಪ್ಪಾಗಿ ಓದಿ ಪಟ್ಟಿಯಲ್ಲಿ ಹಾಕಿರುವುದೂ ಉಂಟು. ಚಿತ್ರದೊಡನೆ ತಾಳೆ ನೋಡಬೇಕು. ಇಂಥ ನಾಣ್ಯಗಳ ವಿವರಣೆಯಲ್ಲಿ "ವಿಎಫ್ ಫಾರ್ ದ ಟೈಪ್" ಎಂಬ ಮಾತು ಬರುತ್ತದೆ. ಈ ಬಗೆಯ ನಾಣ್ಯಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿ ಸಿಗುವುದಿಲ್ಲ ಎಂದು ಅದರ ತಾತ್ಪರ್ಯ, ಮತ್ತು ನೈಜ ದರ್ಜೆ ವಿಎಫ್‌ಗಿಂತ ಕೆಳಗಿರಬಹುದು ಎಂಬ ಒಪ್ಪಿಗೆಯೂ ಅದರಲ್ಲಿ ಅಡಗಿದೆ. ಬೆಳ್ಳಿಯ ಶುದ್ಧತೆ ನೋಡಲು ಶರಾಫರು ಹೊಡೆದ ಚಿಕ್ಕ ಮುದ್ರೆಗಳನ್ನು ಕೆಲವರು ದೋಷವೆಂದೂ, ಕೆಲವರು ಇತಿಹಾಸವೆಂದೂ ಕರೆಯುತ್ತಾರೆ. ಮುಖ್ಯ ಬರಹವನ್ನು ಕೆಡಿಸದ ಶರಾಫ್ ಗುರುತಿಗಾಗಿ ಬೆಲೆಯನ್ನು ಬಹಳ ತಗ್ಗಿಸಬೇಕೆಂದು ನನಗೆ ಅನ್ನಿಸುವುದಿಲ್ಲ, ಆದರೆ ವಿವರಣೆಯಲ್ಲಿ ಅದರ ಉಲ್ಲೇಖ ಇರಲೇಬೇಕು.

ಆರನೆಯ ಹಂತ: ಪೆಟ್ಟಿಗೆಯ ಚೀಟಿ, ಚಿತ್ರ ಮತ್ತು ಬಿಲ್ಲು

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿರುವ ನಾಣ್ಯದ ಚೀಟಿಯಲ್ಲಿ ಅಂಕಿಯ ಬದಲು "ಡೀಟೇಲ್ಸ್" ಎಂಬ ಪದ ಇದ್ದರೆ, ಸವೆತದ ಮಟ್ಟ ಅಲ್ಲಿ ಬರೆದಷ್ಟೇ ಇದ್ದರೂ ಬೇರೊಂದು ದೋಷ ಪತ್ತೆಯಾಗಿದೆ ಎಂದರ್ಥ. "ಯುಎನ್‌ಸಿ ಡೀಟೇಲ್ಸ್, ಕ್ಲೀನ್ಡ್" ಎಂಬುದು ಅದರ ಸಾಮಾನ್ಯ ರೂಪ. ಮಾರುವವನು ಪಟ್ಟಿಯಲ್ಲಿ "ಪಿಸಿಜಿಎಸ್ ಯುಎನ್‌ಸಿ" ಎಂದಷ್ಟೇ ಬರೆದು ಉಳಿದದ್ದನ್ನು ಚಿತ್ರಕ್ಕೆ ಬಿಟ್ಟಿರುತ್ತಾನೆ, ಚೀಟಿಯನ್ನು ದೊಡ್ಡದು ಮಾಡಿ ಓದಬೇಕು. ಪೆಟ್ಟಿಗೆಗಳೂ ನಕಲಾಗುವುದರಿಂದ ಪ್ರಮಾಣಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಚಿತ್ರದೊಡನೆ ಹೋಲಿಸಬೇಕು. ನಮ್ಮ ಕಾನೂನಿನ ಒಂದು ಅಂಶ ಇಲ್ಲಿಗೆ ಸಂಬಂಧಿಸಿದೆ: 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ದರ್ಜೆ ಹಾಕಿಸಿಕೊಂಡು ಬರುತ್ತೇನೆಂದು ವಿಕ್ಟೋರಿಯಾ ರೂಪಾಯಿಯನ್ನು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುವ ಯೋಚನೆಗೂ, ಹೊರನಾಡಿನ ಕನ್ನಡಿಗರು ಬೆಂಗಳೂರಿನ ಹರಾಜಿನಲ್ಲಿ ಕೊಂಡದ್ದನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆಗೂ ಈ ಕಾಯಿದೆ ಅಡ್ಡ ಬರುತ್ತದೆ.

ಪೆಟ್ಟಿಗೆಯಿಲ್ಲದ ನಾಣ್ಯವನ್ನು ದೂರದಿಂದ ಕೊಳ್ಳುವಾಗ ಎರಡೂ ಬದಿಯ ಚಿತ್ರ, ಅಂಚಿನ ಚಿತ್ರ, ತೂಕ, ಮತ್ತು ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಮಾಡಿ ತಿರುಗಿಸುವ ಚಿಕ್ಕ ವಿಡಿಯೋ ಕೇಳಬೇಕು. ಹೆಚ್ಚು ಬೆಳಕು ಚೆಲ್ಲಿ ತೆಗೆದ ಸ್ಥಿರಚಿತ್ರದಲ್ಲಿ ಕೂದಲೆಳೆಯ ಗೀರುಗಳು ಮಾಯವಾಗುತ್ತವೆ, ವಿಡಿಯೋದಲ್ಲಿ ಅವನ್ನು ಮುಚ್ಚಿಡುವುದು ಸುಲಭವಲ್ಲ. ವಿಡಿಯೋ ಕೊಡಲು ಒಪ್ಪದ ವ್ಯಾಪಾರಿಯಿಂದ ಕಡಿಮೆ ಬೆಲೆಯ ನಾಣ್ಯವನ್ನು ಕೊಂಡರೂ ಕೊಳ್ಳಬಹುದು, ದುಬಾರಿಯದನ್ನು ಬೇಡ.

ಬೆಲೆ ಒಪ್ಪಿಗೆಯಾದ ಮೇಲೆ ಬಿಲ್ಲಿನಲ್ಲಿ "ಹಳೆಯ ನಾಣ್ಯ 1" ಎಂದು ಬರೆಸಿಕೊಳ್ಳದೆ, ಪಟ್ಟಿಯಲ್ಲಿದ್ದ ದರ್ಜೆ, ತೂಕ, ಹೇಳಿದ ದೋಷಗಳು ಮತ್ತು ಹಿಂತಿರುಗಿಸುವ ಅವಧಿಯನ್ನು ಪೂರ್ತಿ ಬರೆಸಬೇಕು. "ಆ್ಯಸ್ ಈಸ್" ಎಂಬ ಷರತ್ತಿನ ಮಾರಾಟದಲ್ಲಿ ದರ್ಜೆಯ ಬಗ್ಗೆ ಆಮೇಲೆ ತಕರಾರು ಮಾಡಲಾಗದು. ನಕಲಿ ಎಂದು ಸಾಬೀತಾದರೆ ಮಾತ್ರ ಹಣ ಮರಳಿಸುತ್ತೇವೆನ್ನುವ ಹರಾಜುಗಳೂ ಇವೆ, ಬಿಡ್ ಮಾಡುವ ಮುನ್ನವೇ ನಿಯಮಗಳನ್ನು ಓದಿರಬೇಕು. ಹಣ ಕೊಡುವ ಮೊದಲು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಇದೇ ನಾಣ್ಯವನ್ನು ಮುಂದಿನ ವರ್ಷ ತಂದರೆ ನೀವು ಯಾವ ದರ್ಜೆಯೆಂದು, ಎಷ್ಟಕ್ಕೆ ವಾಪಸ್ ಕೊಳ್ಳುತ್ತೀರಿ? ವ್ಯಾಪಾರಕ್ಕೆ ಲಾಭ ಬೇಕು, ಬೆಲೆ ಇಳಿಯುವುದು ಸಹಜ. ಬೆಲೆಯ ಜೊತೆಗೆ ದರ್ಜೆಯೂ ಎಕ್ಸ್‌ಎಫ್‌ನಿಂದ ವಿಎಫ್‌ಗೆ ಇಳಿದರೆ, ಆ ಎರಡನೆಯ ದರ್ಜೆಗೆ ಹೊಂದುವ ಬೆಲೆಯನ್ನೇ ಈಗ ಕೊಡುತ್ತೇನೆಂದು ಹೇಳಿ ಮಾತುಕತೆಯನ್ನು ಅಲ್ಲಿಂದ ಮುಂದುವರಿಸಬಹುದು.